ಕೈಯಿಲ್ಲದ ಸಾವ್ರಿಯ ನಮಸ್ಕಾರ

ಲೋಕ ಆಗ ಹೊಚ್ಚ ಹೊಸದು. ಎಷ್ಟು ಹೊಸದು ಅಂದ್ರೆ, ಬೆಟ್ಟಗಳು ಎಲ್ಲಿ ಕೂತ್ಕೊಳ್ಳೋದು ಅಂತ ಇನ್ನೂ ಜಾಗ ಹುಡುಕ್ತಿದ್ವು, ಹೊಳೆಗೆ ಯಾವ ಕಡೆ ಹರೀಬೇಕು ಅಂತ ಗೊತ್ತಿರ್ಲಿಲ್ಲ, ಸೂರ್ಯ ದಿನಾ ಬೆಳಗ್ಗೆ ಕಣ್ಣುಜ್ಜಿಕೊಂಡು ‘ಇವತ್ತೂ ನಾನೇ ಬರ್ಬೇಕಾ?’ ಅಂತ ಕೇಳ್ತಿದ್ದ. ನೆಲ ಈಗ ತಾನೇ ಸಾರಿಸಿಟ್ಟ ಅಂಗಳದ ಹಾಗೆ ಮೆತ್ತಗೆ, ತಣ್ಣಗೆ, ನುಣ್ಣಗಿತ್ತು.

ಎಲ್ಲಾ ಇತ್ತು ಆಗ. ಮಳೆ ಒಂದು ಇರ್ಲಿಲ್ಲ.

ಮೋಡ ಇರ್ಲಿಲ್ವಾ ಅಂತ ಕೇಳ್ಬೇಡ, ಇತ್ತು! ದೊಡ್ಡ ದೊಡ್ಡ ಮೋಡಗಳು, ಹೊಟ್ಟೆ ತುಂಬ ನೀರು ತುಂಬ್ಕೊಂಡು ಆಕಾಶದಲ್ಲಿ ಹೋಗ್ತಾನೇ ಇದ್ವು. ಆದ್ರೆ ನಿಲ್ತಿರ್ಲಿಲ್ಲ. ಸುಮ್ಸುಮ್ನೆ ಯಾಕೆ ನಿಲ್ತಾವೆ ಹೇಳು? ನೋಡೋಕೆ ಏನಾದ್ರೂ ಇರ್ಬೇಕಲ್ವಾ? ನಾವು ದಾರೀಲಿ ಹೋಗೋವಾಗ ಎಲ್ಲಾದ್ರೂ ಡೋಲು ಬಾರಿಸ್ತಿದ್ರೆ ನಿಲ್ತೀವಿ, ಇಲ್ಲಾಂದ್ರೆ ನಿಲ್ಲಲ್ಲ. ಮೋಡಾನೂ ಹಾಗೇ.

ಆದ್ರೆ ಕುಣಿತ ಇತ್ತು ನೋಡು, ಅದಂತೂ ಮೊದಲಿಂದಾನೇ ಇತ್ತು, ಮೋಡಗಳಿಗೆ ಗೊತ್ತಿರ್ಲಿಲ್ಲ ಅಷ್ಟೇ! ಒಂದು ದೊಡ್ಡ ಬೂರುಗದ ಮರ, ಆ ಮರದ ಕೆಳಗೆ ಡ್ಯಾನ್ಸ್ ಕ್ಲಾಸು. ಕಲಿಸೋರು ಯಾರು ಗೊತ್ತಾ? ಮರಕುಟಿಗ! ಮರ ಕುಟ್ಟೋ ಹಕ್ಕಿ! ಬೇರೆ ಯಾರಿಗೆ ಬರುತ್ತೆ ತಾಳ ಹಾಕೋಕೆ? ತಲೆ ಮೇಲೆ ಕೆಂಪು ಜುಟ್ಟು, ಬೆನ್ನ ಮೇಲೆ ಹೊಂಬಣ್ಣದ ಶಾಲು, ಎಲ್ಲರೂ ಅವರನ್ನ ಕುಟ್ಟಮ್ಮ ಟೀಚರ್ ಅಂತಿದ್ರು. ನಮ್ಮ ಡ್ಯಾನ್ಸ್ ಟೀಚರ್ ಕೋಲು ತಗೊಂಡು ಮಣೆ ಮೇಲೆ ತಟ್ತಾರಲ್ಲ, ಕುಟ್ಟಮ್ಮ ಟೀಚರಿಗೆ ಕೋಲೂ ಬೇಡ ಮಣೆನೂ ಬೇಡ. ಕೊಕ್ಕೇ ಕೋಲು, ಮರಾನೇ ಮಣೆ. ಟಕ್ ಟಕಾ ಟಕ್! ‘ತೈಯಾ ತೈ! ತೈಯಾ ತೈ! ಏ ಆನೆ, ಮಂಡಿ ಬಗ್ಗಿಸು, ಕಂಬ ನಿಂತ ಹಾಗೆ ನಿಲ್ಬೇಡ!’

ಅವರ ಕ್ಲಾಸಲ್ಲಿ ಒಂದು ಪದ್ಧತಿ. ತನ್ನ ಹೆಜ್ಜೆ ತನಗೆ ಬಂದ್ರೆ ಸಾಲದು, ಪಕ್ಕದೋರ ಹೆಜ್ಜೆನೂ ಕಲೀಬೇಕು. ಜಿಂಕೆ ಆನೆ ಥರ ನಡೀಬೇಕು, ಆನೆ ಜಿಂಕೆ ಥರ ಹಾರ್ಬೇಕು. ಆನೆ ಹಾರಿದ ದಿನ ಪಕ್ಕದ ಬೆಟ್ಟ ಎದ್ದು ಸ್ವಲ್ಪ ಆಚೆ ಹೋಗಿ ಕೂತ್ಕೊಂತಂತೆ! ಬಳ್ಳಿ ಕೈ ಬಳುಕಿಸೋದು ಹೇಳಿಕೊಡ್ತಿತ್ತು, ತಾವರೆ ಬೆರಳು ಬಿಡಿಸೋದು ತೋರಿಸ್ತಿತ್ತು, ಹೊಳೆ ಕಣ್ಣು ಹೊರಳಿಸೋದು ಕಲಿಸ್ತಿತ್ತು. ಹಾಡೋಕೆ ಕಪ್ಪೆ. ಗುಂಡಪ್ಪ ಅಂತ ಅದರ ಹೆಸರು. ಗಂಟಲು ಉಬ್ಬಿಸಿಕೊಂಡು ‘ತಕ ಧಿಮಿ ತಕ ಝಣು’ ಅಂತ ಶುರು ಮಾಡಿದ್ರೆ ನಿಲ್ಲಿಸೋಕೆ ಅದರ ಬಾಯಿಗೆ ಎಲೆ ಮುಚ್ಬೇಕಿತ್ತು.

ನವಿಲು ಎಲ್ಲಿ ಅಂತೀಯಾ? ಇತ್ತು, ಹಿಂದಿನ ಸಾಲಲ್ಲಿ. ನವಿಲಿನ ಕತೆ ಎಲ್ಲರೂ ಹೇಳ್ತಾರೆ. ಇದು ನವಿಲಿಂದಲ್ಲ.

ಇದು ಸಾವ್ರಿಯದು! ಸಾವ್ರಿ ಅಂದ್ರೆ ಸಾವಿರಕಾಲು ಹುಳ. ಉದ್ದಕ್ಕೆ, ದುಂಡಗೆ, ಕಡುಗೆಂಪಗೆ, ಮೈತುಂಬ ಉಂಗುರ ಉಂಗುರ, ರೇಷ್ಮೆ ಸೀರೆ ನೆರಿಗೆ ಹಿಡಿದು ಇಸ್ತ್ರಿ ಮಾಡಿಟ್ಟ ಹಾಗೆ. ಮತ್ತೆ ಕಾಲು! ಅಯ್ಯೋ, ಕಾಲು! ಈ ಕಡೆ ಸಾಲು, ಆ ಕಡೆ ಸಾಲು. ಎಣಿಸೋಕೆ ಕೂತೋರೆಲ್ಲ ನಿದ್ದೆ ಹೋದ್ರು.

ಇಷ್ಟೊಂದು ಕಾಲಿದ್ರೆ ಕುಣಿತ ಹೇಗಿರ್ಬೇಕು! ಟೀಚರ್ ಒಂದು ಸಲ ಟಕ್ ಅಂದ್ರೆ ಸಾವ್ರಿ ಅಷ್ಟೂ ಕಾಲಲ್ಲಿ ಉತ್ತರ ಕೊಡ್ತಿದ್ಲು. ಮುಂದಿನ ಕಾಲು ‘ತ’ ಅಂದ್ರೆ ಹಿಂದಿನ ಕಾಲು ‘ತೈ’ ಅಂತಿತ್ತು, ನಡುವಿನವು ನಡುವೆ ಏನೇನೋ ಮಾತಾಡ್ಕೋತಿದ್ವು. ಒಂದು ಕಾಲೂ ತಪ್ತಿರ್ಲಿಲ್ಲ. ಅದು ಅವಳಿಗೂ ಗೊತ್ತಿತ್ತು! ಚೆನ್ನಾಗೇ ಗೊತ್ತಿತ್ತು!

‘ನಾಕು ಕಾಲಿಟ್ಕೊಂಡು ನಾಕು ಕಡೆ ತಪ್ತೀಯಲ್ಲೋ,’ ಅಂತ ಆನೆಗೆ ಹೇಳ್ತಿದ್ಲು. ‘ನನ್ನ ನೋಡು!’

ಆದ್ರೆ ಒಂದೇ ಒಂದು ಪಾಠ ಸಾವ್ರಿಗೆ ಬರ್ತಿರ್ಲಿಲ್ಲ. ಮೊದಲನೇ ಪಾಠ.

ದಿನಾ ಬೆಳಗ್ಗೆ ಕುಟ್ಟಮ್ಮ ಟೀಚರ್ ಒಂದೇ ಒಂದು ಸಲ ತಟ್ತಿದ್ರು. ಟಕ್! ಅಂದ್ರೆ ಏನು? ಕುಣಿಯೋಕೆ ಮುಂಚೆ ಭೂಮಿಗೆ ನಮಸ್ಕಾರ. ‘ಅಮ್ಮಾ, ಈಗ ನಿನ್ನ ತುಳೀತೀವಿ, ಒದೀತೀವಿ, ಬೇಜಾರು ಮಾಡ್ಕೋಬೇಡ’ ಅಂತ ಕೇಳ್ಕೊಳ್ಳೋದು. ನಾವು ಎರಡೂ ಕೈಯಲ್ಲಿ ನೆಲ ಮುಟ್ಟಿ ಕಣ್ಣಿಗೆ ಒತ್ಕೋತೀವಲ್ಲ, ಅದೇ! ಆನೆ ಸೊಂಡಿಲಲ್ಲಿ ಮಣ್ಣು ಮುಟ್ಟಿ ತಲೆಗೆ ಹಚ್ಕೋತಿತ್ತು. ಜಿಂಕೆ ಮುಂಗಾಲು ಮಡಚಿ ಹಣೆ ಇಡ್ತಿತ್ತು. ಕೊಕ್ಕರೆ ಇಷ್ಟುದ್ದ ಕತ್ತು ಬಗ್ಗಿಸಿ ಕೊಕ್ಕು ತಾಗಿಸ್ತಿತ್ತು.

ಸಾವ್ರಿ ಮಾತ್ರ ಸುಮ್ನೆ ನಿಂತಿರ್ತಿದ್ಲು.

‘ಎಲ್ಲಿ ಸಾವ್ರಿ, ನಮಸ್ಕಾರ?’

‘ಯಾವ ಕೈಯಲ್ಲಿ ಟೀಚರ್? ನಂಗೆ ಕೈಯೇ ಇಲ್ವಲ್ಲ! ಬರೀ ಕಾಲು! ಕಾಲಲ್ಲಿ ನಮಸ್ಕಾರ ಮಾಡ್ಲಾ?’

ಕ್ಲಾಸೆಲ್ಲ ಗೊಳ್ ಅಂತ ನಗ್ತಿತ್ತು.

‘ಹಾವಿಗೂ ಕೈಯಿಲ್ಲ. ಅವನು ಹೆಡೆ ನೆಲಕ್ಕಿಡ್ತಾನೆ.’

‘ಅವನಿಗೆ ಕಾಲೂ ಇಲ್ಲ ಟೀಚರ್! ತುಳಿಯೋದೇ ಇಲ್ಲ, ಅವನಿಗೇನು ಕಷ್ಟ?’

ನೋಡು, ಎಷ್ಟು ಮಾತು ಅವಳಿಗೆ! ಆದ್ರೆ ಸುಳ್ಳೇನಲ್ಲ, ಪಾಪ, ಪ್ರಯತ್ನ ಮಾಡಿದ್ಲು. ತಲೆ ಬಗ್ಗಿಸಿ ಮುಂದಿನ ಕಾಲು ಮಡಚಿದ್ಲು. ಮಡಚಿದ್ರೆ ಏನಾಗೋದು ಗೊತ್ತಾ? ಮುಂದಿನ ಕಾಲುಗಳು ನಮಸ್ಕಾರ ಮಾಡೋವಾಗ ಹಿಂದಿನ ಕಾಲುಗಳು ಗಟ್ಟಿಯಾಗಿ ನೆಲ ಒತ್ತಿ ಹಿಡೀತಿದ್ವು. ಇಲ್ಲಾಂದ್ರೆ ಬಿದ್ದೋಗ್ತಾಳೆ! ಸರಿ, ಹಿಂದಿನವು ಮಡಚಿದ್ರೆ ಮುಂದಿನವು ಒತ್ತೋವು. ಅರ್ಧ ಮೈ ‘ಕ್ಷಮಿಸಮ್ಮ’ ಅಂತಿತ್ತು, ಇನ್ನರ್ಧ ಮೈ ತುಳೀತಾನೇ ಇತ್ತು.

‘ಇದು ನಮಸ್ಕಾರ ಅಲ್ಲ,’ ಅಂದ್ರು ಟೀಚರ್. ‘ನಿನ್ನ ನಮಸ್ಕಾರ ನಿನ್ನ ಮೈಯಲ್ಲೇ ಎಲ್ಲೋ ಇರುತ್ತೆ. ಹುಡುಕು.’

‘ಹುಡುಕ್ತೀನಿ ಟೀಚರ್.’

ಹುಡುಕಿದ್ಲಾ? ಇಲ್ಲ! ಇವತ್ತು ಬೇಡ ನಾಳೆ, ನಾಳೆ ಬೇಡ ನಾಡಿದ್ದು. ಕುಣಿಯೋಕೆ ಬರುತ್ತಲ್ಲ, ಇನ್ನೇನು ಅಂತ.

ಹೀಗಿರುವಾಗ ನೆಲದೊಳಗೆ ಗಲಾಟೆ ಶುರುವಾಯ್ತು. ಬೀಜಗಳದ್ದು! ಹೊಸಾ ಲೋಕ ಅಲ್ವಾ, ಬೀಜ ಎಲ್ಲ ಮಣ್ಣೊಳಗೆ ಮಲಗಿದ್ವು. ‘ಬಾಯಾರಿಕೆ! ನೀರು ಕೊಡಿ! ನಾವು ಹೊರಗೆ ಬರ್ಬೇಕು!’ ಅಂತ ಕೂಗಾಟ. ಹೊಳೆ ಅಂತು, ‘ನಾನು ಹರಿಯೋ ದಾರೀಲಿ ಇರೋರಿಗೆ ಕೊಡ್ತೀನಿ, ಮೇಲೆ ಗುಡ್ಡಕ್ಕೆ ಹತ್ತೋಕೆ ನಂಗೆ ಬರಲ್ಲ.’ ಸೂರ್ಯ ಅಂದ, ‘ನನ್ನ ಹತ್ರ ಬಿಸಿಲು ಬಿಟ್ರೆ ಏನೂ ಇಲ್ಲ.’ ಎಲ್ಲರೂ ತಲೆ ಎತ್ತಿ ಮೇಲೆ ನೋಡಿದ್ರು. ನೀರೆಲ್ಲ ಅಲ್ಲಿ, ಮೋಡದ ಹೊಟ್ಟೇಲಿ!

ಗಾಳಿ ಓಡಿಹೋಗಿ ಎಲ್ಲಕ್ಕಿಂತ ದೊಡ್ಡ ಮೋಡವನ್ನ ಕೇಳಿದ. ಅದು ಕರಿಯಜ್ಜಿ ಮೋಡ.

‘ಅಜ್ಜೀ, ಅಜ್ಜೀ, ನಮ್ಮೂರ ಮೇಲೆ ಸ್ವಲ್ಪ ನಿಲ್ತೀಯಾ?’

‘ಯಾಕಪ್ಪಾ? ಏನಿದೆ ನಿಮ್ಮೂರಲ್ಲಿ?’

‘ಕುಣಿತ ಇದೆ ಅಜ್ಜಿ! ನೋಡಿದ್ರೆ ನೀನು ಕಣ್ಣೇ ಮಿಟುಕಿಸಲ್ಲ!’

‘ಆಡ್ಕೋಬೇಡ ಹೋಗು. ಎಷ್ಟು ಊರು ನೋಡಿದ್ದೀನಿ ನಾನು.’ ಅಜ್ಜಿ ಮೋಡ ಸ್ವಲ್ಪ ಯೋಚನೆ ಮಾಡ್ತು. ‘ಸರಿ, ಬರ್ತೀನಿ. ಚೆನ್ನಾಗಿದ್ರೆ ಪೂರ್ತಿ ನೋಡ್ತೀನಿ. ಪೂರ್ತಿ ನೋಡಿ ಖುಷಿಯಾದ್ರೆ ನನ್ನ ಹತ್ರ ಏನಿದೆಯೋ ಅದನ್ನೆಲ್ಲ ಕೊಟ್ಟು ಹೋಗ್ತೀನಿ. ಅರ್ಧಕ್ಕೆ ನಿಲ್ಲಿಸಿದ್ರೆ ಮಾತ್ರ ನಾನು ಹೊರಟೆ, ಮತ್ತೆ ಈ ಕಡೆ ತಿರುಗಿ ನೋಡಲ್ಲ.’

ಆಯ್ತಲ್ಲ! ಲೋಕದ ಮೊಟ್ಟಮೊದಲ ರಂಗಪ್ರವೇಶ! ರಂಗಪ್ರವೇಶ ಅಂದ್ರೆ ಗೊತ್ತಲ್ವಾ, ಕಲಿತೋರು ಮೊದಲ ಸಲ ಎಲ್ಲರ ಮುಂದೆ ಪೂರ್ತಿ ಕುಣಿಯೋದು. ಯಾರು ಕುಣೀಬೇಕು? ಕೇಳೋದೇ ಬೇಡ. ಆನೆನೇ ಹೇಳ್ತು, ‘ಸಾವ್ರಿ!’ ಜಿಂಕೆನೂ ಹೇಳ್ತು, ‘ಸಾವ್ರಿ!’ ನವಿಲು ಮೂತಿ ಉದ್ದ ಮಾಡ್ಕೊಂಡು ಹೇಳ್ತು, ‘ಸಾವ್ರಿನೇ ಆಗ್ಲಿ ಬಿಡಿ.’

ಕುಟ್ಟಮ್ಮ ಟೀಚರ್ ಮಾತ್ರ ಕೇಳಿದ್ರು, ‘ನಮಸ್ಕಾರ ಸಿಕ್ತಾ?’

‘ಸಿಗುತ್ತೆ ಟೀಚರ್! ಅಷ್ಟರೊಳಗೆ ಸಿಕ್ಕೇ ಸಿಗುತ್ತೆ! ಆಣೆ!’

ಆದ್ರೆ ಸಾವ್ರಿ ತಲೇಲಿ ಆಗ ಇದ್ದಿದ್ದು ನಮಸ್ಕಾರ ಅಲ್ಲ. ಗೆಜ್ಜೆ! ಹೊಳೆ ದಡದಲ್ಲಿ ಪುಟಾಣಿ ಪುಟಾಣಿ ಒಣ ಕಾಯಿ ಬುರುಡೆ ಸಿಗ್ತಿದ್ವು. ಒಂದೊಂದರೊಳಗೂ ಒಂದೊಂದು ಮರಳ ಕಾಳು ಹಾಕಿದ್ರೆ ಝಲ್ ಅನ್ನೋದು. ಅದನ್ನ ಅವಳೇ ಆರಿಸಿ ಆರಿಸಿ, ಅಲ್ಲಾಡಿಸಿ ಕಿವಿ ಹತ್ರ ಹಿಡಿದು ಕೇಳಿ, ದನಿ ಚೆನ್ನಾಗಿರೋದನ್ನ ಮಾತ್ರ ಇಟ್ಕೊಂಡಿದ್ಲು. ಒಂದೊಂದು ಕಾಲಿಗೂ ಒಂದೊಂದು. ರಾಶಿ! ದಿನಾ ಅದನ್ನ ಎಲೆ ಮೇಲೆ ಹರಡಿ ನೋಡೋಳು, ಮತ್ತೆ ಮುಚ್ಚಿಡೋಳು. ಅಷ್ಟು ಪ್ರೀತಿ.

ರಂಗಪ್ರವೇಶದ ದಿನ ಬಂತು. ಸೂರ್ಯ ಏಳೋಕೆ ಮುಂಚೆನೇ ಸಾವ್ರಿ ಎದ್ದು ಗೆಜ್ಜೆ ಕಟ್ಕೊಳ್ಳೋಕೆ ಕೂತ್ಲು. ಕೈಯಿಲ್ವಲ್ಲ, ಯಾರು ಕಟ್ಟೋರು? ಗೊದ್ದಗಳು! ದೊಡ್ಡ ಕರೀ ಇರುವೆಗಳು. ಸಾಲಾಗಿ ಬಂದು ಹುಲ್ಲಿನ ನಾರಲ್ಲಿ ಒಂದೊಂದೇ ಗೆಜ್ಜೆ ಕಟ್ಟಿದ್ವು. ಕಟ್ಟಿದ್ವು, ಕಟ್ಟಿದ್ವು, ಕಟ್ತಾನೇ ಇದ್ವು. ಬಾಲದ ಹತ್ರ ಬರೋ ಹೊತ್ತಿಗೆ ಕತ್ತಿನ ಹತ್ರ ಇರೋದು ಸಡಿಲ ಆಯ್ತು. ಮತ್ತೆ ಮುಂದೆ ಓಡಿದ್ವು.

‘ಏನಮ್ಮಾ ನಿಂದು, ಮುಗಿಯೋದೇ ಇಲ್ವಾ?’ ಅಂತು ಒಂದು ಗೊದ್ದ.

‘ಬಿಗಿಯಾಗಿ ಕಟ್ರೋ! ನಡುವೆ ಬಿದ್ರೆ ನನ್ನ ಮರ್ಯಾದೆ ಹೋಗುತ್ತೆ!’

‘ನಮ್ಮ ಬೆನ್ನೇ ಹೋಯ್ತಲ್ಲ!’

ಕೊನೇ ಗೆಜ್ಜೆ ಕಟ್ಟೋದಕ್ಕೂ, ಸಾಯಂಕಾಲ ಆಗೋದಕ್ಕೂ, ಗುಡ್ಡದ ಹಿಂದಿಂದ ಕರಿಯಜ್ಜಿ ಮೋಡ ಬರೋದಕ್ಕೂ ಸರಿಹೋಯ್ತು! ಗುಂಡಪ್ಪ ಗಂಟಲು ಉಬ್ಬಿಸ್ಕೊಂಡ. ಆನೆ ಮುಂದೆ ಕೂತು ಹಿಂದಿನೋರ ಹತ್ರ ಬೈಸ್ಕೊಂಡು ಹಿಂದೆ ಹೋಯ್ತು. ಎಲ್ಲರೂ ಸುಮ್ಮನಾದ್ರು. ಕುಟ್ಟಮ್ಮ ಟೀಚರ್ ಕತ್ತು ಹಿಂದಕ್ಕೆಳೆದು ಒಂದು ಸಲ ತಟ್ಟಿದ್ರು.

ಟಕ್!

ನಮಸ್ಕಾರ! ನಮಸ್ಕಾರ ಮಾಡ್ಬೇಕು ಈಗ! ಸಾವ್ರಿ ಟೀಚರ್ ಕಡೆ ನೋಡಿದ್ಲು, ಮೋಡದ ಕಡೆ ನೋಡಿದ್ಲು. ಮೋಡ ಆಗ್ಲೇ ಅರ್ಧ ಆಕಾಶ ದಾಟ್ತಾ ಇತ್ತು.

‘ಆಮೇಲೆ ಮಾಡ್ತೀನಿ ಟೀಚರ್! ಅಜ್ಜಿ ಹೊರಟೋಗ್ತಾರೆ!’

ಅಂದೋಳೇ ಝಲ್ ಅಂತ ಶುರು ಮಾಡೇಬಿಟ್ಲು!

ಅಬ್ಬಬ್ಬಬ್ಬಾ! ಆ ಕುಣಿತ! ಅಷ್ಟೂ ಕಾಲು, ಅಷ್ಟೂ ಗೆಜ್ಜೆ, ಝಲ್ ಝಲ ಝಲ್ ಝಲ ಝಲ್! ಕಾಡಲ್ಲಿದ್ದ ಎಲೆಗಳೆಲ್ಲ ತಾಳ ಹಾಕಿದ್ವು. ಗುಂಡಪ್ಪನಿಗೆ ಉಸಿರು ಸಾಲ್ಲಿಲ್ಲ. ಅಜ್ಜಿ ಮೋಡ ಮೊದಲು ಮೆಲ್ಲಗಾಯ್ತು. ಆಮೇಲೆ ಇನ್ನೂ ಮೆಲ್ಲಗಾಯ್ತು. ಆಮೇಲೆ, ಕೇಳು, ನಿಂತೇಬಿಡ್ತು! ಲೋಕ ಹುಟ್ಟಿದ ಮೇಲೆ ಮೊದಲ ಸಲ ಒಂದು ಮೋಡ ನಿಂತಿತ್ತು! ಬೀಜಗಳು ನೆಲದೊಳಗಿಂದ ‘ನಿಂತ್ರು, ನಿಂತ್ರು!’ ಅಂತ ಪಿಸುಗುಟ್ಟಿದ್ವು.

ಆದ್ರೆ ನೆಲ.

ನೆಲ ಆಗ ಮೆತ್ತಗಿತ್ತು ಅಂದೆನಲ್ಲ? ಸಾವ್ರಿ ಒಂದೊಂದು ಕಾಲು ಇಟ್ಟಾಗ್ಲೂ ಅವಳಿಗೆ, ಭೂಮಿತಾಯಿಗೆ, ಚುರ್ ಅಂತಿತ್ತು. ಗೆಜ್ಜೆ ಕಟ್ಟಿದ ಕಾಲು, ಭಾರದ ಕಾಲು, ಒಂದರ ಹಿಂದೆ ಒಂದು, ನಿಲ್ಲದೆ. ಅವಳು ಸ್ವಲ್ಪ ಹೊತ್ತು ತಡ್ಕೊಂಡ್ಲು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ತಡ್ಕೊಂಡ್ಲು. ಆಮೇಲೆ ಮೈಯನ್ನ ಬಿಗಿ ಹಿಡಿದುಬಿಟ್ಲು. ನಮಗೆ ಯಾರಾದ್ರೂ ಕಚಗುಳಿ ಇಡ್ತಾರೆ ಅಂದ್ರೆ ನಾವು ಮೈ ಗಟ್ಟಿ ಮಾಡ್ತೀವಲ್ಲ, ಹಾಗೆ. ಮಣ್ಣೆಲ್ಲ ಕಲ್ಲಾಯ್ತು! ಸಾವ್ರಿ ಕಾಲಿಟ್ರೆ ಠಣ್ ಅಂತು. ಎಲ್ಲಾ ಕಾಲೂ ಒಂದೇ ಸಲ ಜಾರಿದ್ವು. ಕುಣಿತ ನಿಂತೋಯ್ತು.

ಆಗ ಭೂಮಿತಾಯಿ ಮಾತಾಡಿದ್ಲು. ಅವಳು ಮಾತಾಡೋದೇ ಅಪರೂಪ. ಕೂಗ್ಲಿಲ್ಲ, ಬೈಲಿಲ್ಲ.

‘ಕುಣೀರಿ ಅಂತ ಬೆನ್ನು ಕೊಟ್ಟಿದ್ದೇ ನಾನು. ಕೇಳ್ದೇ ತುಳಿದ್ರೆ ನೋವಾಗುತ್ತೆ. ಇವತ್ತಿಂದ ನನ್ನ ಮೇಲೆ ಯಾರೂ ಕುಣಿಯೋದು ಬೇಡ.’

ಯಾರೂ! ಸಾವ್ರಿ ಒಬ್ಬಳೇ ಅಲ್ಲ. ಆನೆ ಬೇಡ, ಜಿಂಕೆ ಬೇಡ, ಯಾರೂ ಬೇಡ! ಜಿಂಕೆ ಅಳೋಕೇ ಶುರು ಮಾಡ್ತು. ನವಿಲು ಮುಂದೆ ಬಂದು ‘ನಾನು ಮುಗಿಸಿಕೊಡ್ಲಾ?’ ಅಂತ ಒಂದು ಹೆಜ್ಜೆ ಇಟ್ರೆ ನೆಲ ಅದಕ್ಕೂ ಠಣ್ ಅಂತು. ಗರಿ ಮುದುರ್ಕೊಂಡು ವಾಪಸ್ಸು ಹೋಯ್ತು.

ಮೇಲಿಂದ ಕರಿಯಜ್ಜಿ ಮೋಡ ಕೇಳ್ತು, ‘ಏನು, ಮುಗೀತಾ? ಅರ್ಧಕ್ಕೇನಾ?’

‘ಇಲ್ಲಾ ಅಜ್ಜೀ! ಸ್ವಲ್ಪ ಇರಿ!’ ಅಂತ ಗಾಳಿ ಕೂಗಿದ. ಗಾಳಿ ಹೋದ್ರೆ ಮೋಡಾನೂ ಹೋಗುತ್ತಲ್ಲ, ಅದಕ್ಕೇ ಪಾಪ, ಅವನು ಮೂಗು ಬಾಯಿ ಮುಚ್ಕೊಂಡು ಉಸಿರು ಹಿಡಿದು ನಿಂತ. ಒಂದು ಎಲೆನೂ ಅಲ್ಲಾಡ್ಲಿಲ್ಲ. ‘ಬೇಗ ಏನಾದ್ರೂ ಮಾಡೇ ಸಾವ್ರಿ! ಎಷ್ಟು ಹೊತ್ತು ಅಂತ ಹಿಡ್ಕೊಂಡಿರ್ಲಿ!’

ಮಳೆ ಬರೋಕೆ ಮುಂಚೆ ಗಾಳಿ ಗಪ್‌ಚಿಪ್ ಆಗುತ್ತಲ್ವಾ, ಸೆಕೆಯಾಗಿ ಎಲ್ಲಾ ನಿಂತೋಗುತ್ತಲ್ವಾ? ಅವತ್ತಿಂದಾನೇ ಅದು! ಇವತ್ತಿಗೂ ಅವನು ಉಸಿರು ಹಿಡೀತಾನೆ.

ಎಲ್ಲರೂ ಸಾವ್ರಿ ಕಡೆ ತಿರುಗಿದ್ರು. ‘ಒಂದು ನಮಸ್ಕಾರಕ್ಕೆ ಏನಾಗಿತ್ತು ನಿಂಗೆ?’ ಅಂತು ಆನೆ. ‘ಬರೀ ಬಾಯಿ! ಬರೀ ಕಾಲು!’ ಅಂತು ಕೊಕ್ಕರೆ.

ಕುಟ್ಟಮ್ಮ ಟೀಚರ್ ಮರದಿಂದ ಕೆಳಗೆ ಇಳಿದು ಬಂದ್ರು. ಬೈತಾರೆ ಅನ್ಕೊಂಡ್ಯಾ? ಬೈಲೇ ಇಲ್ಲ. ಹತ್ರ ಬಂದು ಮೆಲ್ಲಗೆ ಒಂದೇ ಮಾತು ಹೇಳಿದ್ರು. ‘ಹುಡುಕು.’

ಸಾವ್ರಿ ತಲೆ ಬಗ್ಗಿಸಿದ್ಲು. ‘ಅಮ್ಮಾ, ತಪ್ಪಾಯ್ತು,’ ಅಂದ್ಲು. ನಿಜವಾಗ್ಲೂ ಅಂದ್ಲು, ಕಣ್ಣಲ್ಲಿ ನೀರಿತ್ತು. ಆದ್ರೆ ತಲೆ ಬಗ್ಗಿಸೋವಾಗ ಹಿಂದಿನ ಕಾಲುಗಳು ಮತ್ತೆ ನೆಲ ಒತ್ತಿದ್ವು. ಝಲ್ ಅಂತು ಗೆಜ್ಜೆ.

ಭೂಮಿತಾಯಿ ಹೇಳಿದ್ಲು, ‘ಬಾಯಿ ತಪ್ಪಾಯ್ತು ಅಂತಿದೆ ಮಗಳೇ. ಕಾಲು ಇನ್ನೂ ನನ್ನ ಬೆನ್ನ ಮೇಲೇ ಇದೆಯಲ್ಲ.’

ಕಾಲು!

ಸಾವ್ರಿ ಅಲ್ಲೇ ನಿಂತ್ಲು. ನಿಂತು ಯೋಚನೆ ಮಾಡಿದ್ಲು. ಇಷ್ಟು ದಿನ ‘ಕೈಯಿಲ್ಲ, ಕೈಯಿಲ್ಲ’ ಅಂತಾನೇ ಹೇಳ್ತಿದ್ದೆ. ಅಮ್ಮ ಕೈ ಕೇಳ್ತಾನೇ ಇಲ್ವಲ್ಲ! ಅವಳು ಕೇಳ್ತಿರೋದು ಕಾಲಿನ ವಿಷಯ! ಅಷ್ಟೂ ಕಾಲು ಅವಳ ಮೇಲಿಂದ ತೆಗೆದ್ರೆ? ಮುಂದಿನವು ಹಿಂದಿನವು ಅಂತಿಲ್ಲ, ಎಲ್ಲವೂ, ಒಂದೇ ಸಲ ತೆಗೆದ್ರೆ?

ಹೇಗೆ ತೆಗೆಯೋದು? ಹಾರೋಕೆ ರೆಕ್ಕೆ ಇಲ್ಲ.

ಅವಳು ತಲೆಯನ್ನ ಹೊಟ್ಟೆ ಕಡೆ ಬಗ್ಗಿಸಿದ್ಲು. ಇನ್ನೂ ಬಗ್ಗಿಸಿದ್ಲು. ಮೈ ಬಿಲ್ಲಿನ ಹಾಗೆ ಬಾಗ್ತು, ಬಾಗ್ತು, ಇನ್ನೇನು ಸುತ್ತಬೇಕು, ಅಷ್ಟರಲ್ಲಿ ಝಲ್! ಗೆಜ್ಜೆ ಅಡ್ಡ ಬಂತು. ಕಾಲ ತುಂಬ ಗುಂಡು ಗುಂಡು ಗೆಜ್ಜೆ, ಮಡಚೋಕೇ ಬಿಡ್ತಿಲ್ಲ. ಮತ್ತೆ ಬಾಗಿದ್ಲು. ಮತ್ತೆ ಝಲ್!

‘ನಂಗೆ ಆಗ್ತಿಲ್ಲಾ!’ ಅಂತ ಗಾಳಿ ಬುಸುಗುಟ್ಟಿದ. ಒಂದು ಚೂರು ಉಸಿರು ತಪ್ಪಿಸ್ಕೊಂತು. ಮೋಡ ಅಷ್ಟು ದೂರ ಸರೀತು. ಬೀಜಗಳು ‘ಅಯ್ಯೋ!’ ಅಂದ್ವು.

ಸಾವ್ರಿ ಗೆಜ್ಜೆ ನೋಡ್ಕೊಂಡ್ಲು. ಎಷ್ಟು ಆರಿಸಿದ್ದು! ಎಷ್ಟು ಕಿವಿ ಹತ್ರ ಹಿಡಿದು ಕೇಳಿದ್ದು! ಗೆಜ್ಜೆ ಇಲ್ದೇ ಎಂಥಾ ರಂಗಪ್ರವೇಶ? ಕೇಳೋರಿಗೆ ಏನು ಕೇಳ್ಸುತ್ತೆ?

‘ಗೊದ್ದಗಳೇ,’ ಅಂದ್ಲು. ‘ಬಿಚ್ಚಿ.’

‘ಏನು? ಬೆಳಗಿಂದ ಕಟ್ಟಿದ್ದೀವಿ!’

‘ಬಿಚ್ರೋ! ಎಲ್ಲಾನೂ! ಬೇಗ!’

ಕಟ್ಟೋಕೆ ಇಡೀ ದಿನ ಹಿಡಿದಿತ್ತಾ? ಬಿಚ್ಚೋಕೆ ಎಲ್ಲರೂ ಬಂದ್ರು! ಗೊದ್ದ ನಾರು ಕಚ್ಚಿ ಹರೀತು, ಕೊಕ್ಕರೆ ಕೊಕ್ಕಲ್ಲಿ ಗಂಟು ಬಿಡಿಸ್ತು, ನವಿಲೂ ಬಂತು, ಹೌದು, ನವಿಲೇ! ಆನೆ ಏನೂ ಮಾಡೋಕಾಗ್ದೇ ‘ಮೆಲ್ಲಗೆ, ಮೆಲ್ಲಗೆ, ಕಾಲಿಗೆ ನೋವಾದೀತು’ ಅಂತ ಹೇಳ್ತಾ ನಿಂತಿತ್ತು. ಗೆಜ್ಜೆಗಳೆಲ್ಲ ಒಂದೊಂದಾಗಿ ನೆಲಕ್ಕೆ ಉರುಳಿದ್ವು. ಸಾವ್ರಿ ತಿರುಗಿ ನೋಡ್ಲಿಲ್ಲ.

ಬರೀ ಕಾಲು ಈಗ. ಕೂದಲೆಳೆ ಥರದ ಪುಟ್ಟ ಪುಟ್ಟ ಕಾಲು. ಅವಳು ತಲೆ ಬಗ್ಗಿಸಿ ಒಳಗೆ ಇಟ್ಕೊಂಡ್ಲು. ತಲೆ ಸುತ್ತ ಕತ್ತು, ಕತ್ತಿನ ಸುತ್ತ ಹೊಟ್ಟೆ, ಹೊಟ್ಟೆ ಸುತ್ತ ಬಾಲ, ಸುತ್ತಿ ಸುತ್ತಿ ಸುತ್ತಿ, ಎಣ್ಣೆಗೆ ಬಿಡೋ ಚಕ್ಕುಲಿ ಥರ! ಅಷ್ಟೂ ಕಾಲು ಸುರುಳಿ ಒಳಗೆ ಬಂದ್ವು, ಎಲ್ಲಾ ಕಾಲಿನ ನಡುವೆ ತಲೆ. ಮೆಲ್ಲಗೆ ಮಗ್ಗುಲಿಗೆ ಒರಗಿದ್ಲು.

ಒಂದು ಕಾಲೂ ನೆಲದ ಮೇಲಿರ್ಲಿಲ್ಲ! ಒಂದೂ!

ಯಾರೂ ಉಸಿರಾಡ್ಲಿಲ್ಲ. ಗಾಳಿಯಂತೂ ಮೊದಲೇ ಆಡ್ತಿರ್ಲಿಲ್ಲ.

ಸುರುಳಿ ಒಳಗಿಂದ ಚಿಕ್ಕ ದನಿ ಬಂತು. ‘ಅಮ್ಮಾ, ಎತ್ತಿದ್ದೀನಿ. ಎಲ್ಲಾ ಎತ್ತಿದ್ದೀನಿ. ನೀನು ಇಳಿಸು ಅನ್ನೋ ತನಕ ಇಳಿಸಲ್ಲ.’

ಭೂಮಿತಾಯಿ ಒಂದು ದೊಡ್ಡ ನಿಟ್ಟುಸಿರು ಬಿಟ್ಲು. ಕಲ್ಲಾಗಿದ್ದ ನೆಲ ಮೆಲ್ಲಗೆ, ಮೆಲ್ಲಗೆ, ನಾದಿದ ಹಿಟ್ಟಿನ ಹಾಗೆ ಸಡಿಲ ಆಯ್ತು.

‘ಎಲ್ಲರೂ ನನ್ನ ಮುಟ್ಟಿ ನಮಸ್ಕಾರ ಮಾಡಿದ್ರು,’ ಅಂದ್ಲು. ‘ನೀನು ನನ್ನ ಬೆನ್ನಿನ ಭಾರನೇ ಎತ್ತಿಕೊಂಡೆ. ಇಳಿಸು ಮಗಳೇ. ಕುಣಿ.’

ಟಕ್ ಟಕಾ ಟಕ್! ಯಾವಾಗ ಹೋಗಿ ಮರ ಹತ್ತಿದ್ರೋ ಕುಟ್ಟಮ್ಮ ಟೀಚರ್!

ಸಾವ್ರಿ ಬಿಚ್ಕೊಂಡ್ಲು. ಗೆಜ್ಜೆ ಇಲ್ಲ, ಸದ್ದಿಲ್ಲ. ಕಾಲು ಇಟ್ಟಿದ್ದು ನೆಲಕ್ಕೇ ಗೊತ್ತಾಗ್ಲಿಲ್ಲ, ಅಷ್ಟು ಹಗುರ. ಆದ್ರೆ ಕಾಲುಗಳು ಅಲೆ ಅಲೆ! ಮುಂದಿಂದ ಹಿಂದಕ್ಕೆ, ಹಿಂದಿಂದ ಮುಂದಕ್ಕೆ, ಗದ್ದೆ ಮೇಲೆ ಗಾಳಿ ಹೋದ ಹಾಗೆ, ಹೊಳೆ ಮೇಲೆ ತೆರೆ ಬಂದ ಹಾಗೆ. ಗೆಜ್ಜೆ ಇದ್ದಾಗ ಎಲ್ಲರೂ ಕೇಳ್ತಿದ್ರು, ಈಗ ಎಲ್ಲರೂ ನೋಡಿದ್ರು. ಗುಂಡಪ್ಪ ಹಾಡೋದನ್ನೇ ಮರೆತು ಬಾಯಿ ತೆಗೆದು ಕೂತಿದ್ದ.

‘ಏನು ಮಾಡ್ತಿದ್ದಾಳೆ? ಕಾಣ್ತಿಲ್ವಲ್ಲ!’ ಅಂತ ಅಜ್ಜಿ ಮೋಡ ಕೆಳಗೆ ಬಗ್ತು. ಇನ್ನೂ ಬಗ್ತು. ಸದ್ದಿಲ್ಲದ ಕುಣಿತ ಅಲ್ವಾ, ಹತ್ರ ಬಂದೇ ನೋಡ್ಬೇಕು! ಬಗ್ಗಿ ಬಗ್ಗಿ ಬಗ್ಗಿ ಗುಡ್ಡಕ್ಕೆ ಹೊಟ್ಟೆ ತಾಗೋ ಅಷ್ಟು ಕೆಳಗೆ ಬಂತು. ಬಂದು ಕೊನೇ ಹೆಜ್ಜೆ ತನಕ ನೋಡ್ತು. ಪೂರ್ತಿ! ಸಾವ್ರಿ ಕೊನೇ ಕಾಲು ಇಟ್ಟು ನಿಂತಳೋ ಇಲ್ವೋ, ಅಜ್ಜಿ ಮೋಡ ಚಪ್ಪಾಳೆ ಹೊಡೀತು ನೋಡು! ಗುಡುಡುಡುಡುಡು! ಆನೆ ಹೆದರಿ ಜಿಂಕೆ ಹಿಂದೆ ಬಚ್ಚಿಟ್ಕೊಂತು! ಖುಷಿಗೆ ಅಜ್ಜಿ ಕಣ್ಣಲ್ಲಿ ನೀರು ಬಂತು, ಬಂದು ಬಂದು ತುಂಬ್ಕೊಂಡು ಧೋ ಅಂತ ಸುರೀತು!

ಮಳೆ! ಲೋಕದ ಮೊದಲ ಮಳೆ!

ಗಾಳಿ ಹಿಡಿದಿಟ್ಟಿದ್ದ ಉಸಿರನ್ನ ಹುಯ್ ಅಂತ ಬಿಟ್ಟ. ನೆಲ ಘಮ್ ಅಂತು. ಬೀಜಗಳು ‘ದಾರಿ ಬಿಡಿ, ದಾರಿ ಬಿಡಿ’ ಅಂತ ಒಬ್ಬರ ಮೇಲೆ ಒಬ್ಬರು ಬಿದ್ದು ಹೊರಗೆ ಬಂದ್ವು. ‘ನಾನು ಪ್ರತಿ ವರ್ಷ ಬರ್ತೀನಿ,’ ಅಂತು ಅಜ್ಜಿ ಮೋಡ ಮೂಗೊರೆಸ್ಕೊಂಡು. ‘ಈ ಹುಡುಗಿ ಇರ್ಬೇಕು ಮಾತ್ರ.’

ಮತ್ತೆ ಆ ಗೆಜ್ಜೆಗಳು? ಮಳೆಗೆ ನೆಂದು ನೆಲದಲ್ಲಿ ಹೂತು ಅವೂ ಗಿಡ ಆದ್ವು! ಗಿಲಿಗಿಲಿ ಗಿಡ ನೋಡಿದ್ದೀಯಲ್ಲ, ಹಳದಿ ಹೂವು ಬಿಟ್ಟು, ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದ್ರೆ ಗಿಲಿ ಗಿಲಿ ಅನ್ನುತ್ತೆ? ನಾವು ದಾರಕ್ಕೆ ಪೋಣಿಸಿ ಕಾಲಿಗೆ ಕಟ್ಕೊಂಡು ಆಟ ಆಡ್ತೀವಲ್ಲ, ಅದು ಸಾವ್ರಿ ಗೆಜ್ಜೆ. ಅವಳು ಮತ್ತೆ ಯಾವತ್ತೂ ಕಟ್ಕೊಳ್ಳಲಿಲ್ಲ. ಬೇಕು ಅನ್ನಿಸ್ಲೂ ಇಲ್ಲ.

ಕುಟ್ಟಮ್ಮ ಟೀಚರ್ ಅವತ್ತು ಸಾವ್ರಿಗೆ ಏನು ಹೇಳಿದ್ರು ಗೊತ್ತಾ? ‘ನಾಳೆ ಬೆಳಗ್ಗೆ ಎಲ್ಲರಿಗಿಂತ ಮುಂದೆ ನಿಂತ್ಕೋ. ಮೊದಲನೇ ಪಾಠ ಇನ್ಮೇಲೆ ನೀನು ಮಾಡಿ ತೋರಿಸು.’

ಅದಕ್ಕೇ, ಇವತ್ತಿಗೂ ಮೊದಲ ಮಳೆ ಬಿದ್ದ ಕೂಡಲೇ ಸಾವಿರಕಾಲು ಹುಳ ಎಲ್ಲಿಂದಲೋ ಎದ್ದು ಅಂಗಳಕ್ಕೆ ಬರುತ್ತೆ. ಮೆಲ್ಲಗೆ ಒಂದು ಸಲ ಬೆರಳು ತಾಗಿಸಿದ್ರೆ ಸಾಕು, ಟೀಚರ್ ಟಕ್ ಅಂದ್ರು ಅನ್ಕೊಂಡು ಅಷ್ಟೂ ಕಾಲು ಎತ್ತಿ ಸುರುಳಿ ಸುತ್ಕೊಂಡು ಭೂಮಿಗೆ ನಮಸ್ಕಾರ ಮಾಡುತ್ತೆ, ಆಗ ನೀನು ಗಾಳಿ ಥರ ಉಸಿರು ಹಿಡಿದು ಕಾದ್ರೆ ಮೆಲ್ಲಗೆ ಬಿಚ್ಕೊಂಡು, ಒಂಚೂರೂ ಸದ್ದು ಮಾಡ್ದೇ, ಕುಣೀತಾ ಹೋಗುತ್ತೆ.